ಹೃದಯದ ಆಪರೇಶನ್ ನಂತರ ಬಡಿತ ತಪ್ಪಿದಾಗ: ಐಸಿಯು ಇಂಜೆಕ್ಷನ್‌ನಿಂದ ಮನೆಯ ಗುಳಿಗೆಯ ತನಕ

ಬೈಪಾಸ್ ಅಥವಾ ವಾಲ್ವ್ ಆಪರೇಶನ್ ಆದ ಎರಡನೆಯ, ಮೂರನೆಯ ದಿನ ಐಸಿಯುದಿಂದ ಒಂದು ಮಾತು ಬರಬಹುದು: "ಬಡಿತ ಏರುಪೇರಾಗಿದೆ, ಅಮಿಯೊಡರೋನ್ ಶುರು ಮಾಡಿದ್ದೇವೆ." ಗದಗ, ರೋಣ, ಹಾನಗಲ್, ರಾಣೆಬೆನ್ನೂರು ಕಡೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಬಂದು ದವಾಖಾನೆಯ ಹೊರಗೆ ಕೂತಿರುವ ಮನೆಯವರಿಗೆ ಆ ಹೊತ್ತಿಗೆ ಏನು ಕೇಳಬೇಕೆಂದು ತೋಚುವುದಿಲ್ಲ. ವಾರದ ಮೇಲೆ ಅದೇ ಔಷಧ ಗುಳಿಗೆಯಾಗಿ ಚೀಟಿಯಲ್ಲಿ ಬರೆದು ಕೈಗೆ ಬರುತ್ತದೆ. ಮುಂದಿನ ಎರಡು-ಮೂರು ತಿಂಗಳು ಅದನ್ನು ಸಂಭಾಳಿಸುವುದು ಮನೆಯವರ ಕೆಲಸ. ಈ ಬರಹ ಅವರಿಗಾಗಿ. ಇಲ್ಲಿರುವ ಇಂಜೆಕ್ಷನ್ ಪ್ರಮಾಣಗಳು ನಡೆಯುತ್ತಿರುವುದು ಅರ್ಥವಾಗಲಿ ಎಂದು ಕೊಟ್ಟವು. ಗುಳಿಗೆಯ ಪ್ರಮಾಣವನ್ನು ಹೆಚ್ಚು-ಕಡಿಮೆ ಮಾಡುವವರು ನಿಮ್ಮ ಡಾಕ್ಟರು ಮಾತ್ರ.

ಮೊದಲು: ಯಾವ ಬಡಿತ ಎಂದು ಕೇಳಿ ತಿಳಿಯಿರಿ

"ಬಡಿತ ತಪ್ಪಿದೆ" ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಗಂಡಾಂತರಗಳು ಸೇರಿಕೊಂಡಿರುತ್ತವೆ. ಹೃದಯದ ಮೇಲಿನ ಕೋಣೆಗಳು ಲಯ ಬಿಟ್ಟು ಕಂಪಿಸುವುದು ಏಟ್ರಿಯಲ್ ಫಿಬ್ರಿಲೇಶನ್. ಡಾಕ್ಟರು ಅದನ್ನು 'ಎಎಫ್' ಎನ್ನುತ್ತಾರೆ. ಇದು ಬಹಳ ಸಾಮಾನ್ಯ: ಬೈಪಾಸ್ ಆದ ಹತ್ತು ಜನರಲ್ಲಿ ಸುಮಾರು ಮೂವರಿಗೆ ಬರುತ್ತದೆ, ವಾಲ್ವ್ ಆಪರೇಶನ್ ಆದವರಲ್ಲಿ ಇನ್ನೂ ಹೆಚ್ಚು. ಎರಡರಿಂದ ನಾಲ್ಕನೆಯ ದಿನದೊಳಗೆ ಕಾಣಿಸಿಕೊಳ್ಳುವುದೇ ಹೆಚ್ಚು, ಬಹುತೇಕರಲ್ಲಿ ಆರೆಂಟು ವಾರಗಳಲ್ಲಿ ಸರಿಹೋಗುತ್ತದೆ. ಇದರ ದೊಡ್ಡ ಅಪಾಯವೆಂದರೆ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವುದು. 48 ಗಂಟೆ ಮೀರಿ ಎಎಫ್ ಮುಂದುವರಿದರೆ ರಕ್ತ ತೆಳುಮಾಡುವ ಔಷಧದ ಮಾತು ಬರುವುದು ಅದಕ್ಕೇ.

ಕೆಳಗಿನ ಕೋಣೆಗಳಿಂದ ಏಳುವ ವೇಗದ ಬಡಿತ, ಅಂದರೆ 'ವಿಟಿ', ಮತ್ತು ಆ ಕೋಣೆಗಳು ಬರೀ ನಡುಗುತ್ತ ರಕ್ತವನ್ನೇ ದೂಡದ 'ವಿಎಫ್' ಕಡಿಮೆ ಜನರಿಗೆ ಬರುತ್ತವೆ. ಆದರೆ ನಿಮಿಷಗಳಲ್ಲಿ ಜೀವ ತೆಗೆಯುವವು ಇವೇ. ಮೊದಲೇ ಹೃದಯದ ಪಂಪಿಂಗ್ ಕಡಿಮೆ ಇದ್ದವರು, ಅಂದರೆ 'ಇಎಫ್' ಶೇಕಡಾ 35ಕ್ಕಿಂತ ಕೆಳಗಿದ್ದವರು, ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ನಾಯುವಿನಲ್ಲಿ ಕಲೆ ಉಳಿದವರು ಹೆಚ್ಚು ಎಚ್ಚರದಿಂದಿರಬೇಕು.

ಇನ್ನೊಂದು, ಮಾನಿಟರಿನಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಬಿಡಿ ಬಡಿತ. 'ಎಕ್ಟೋಪಿಕ್', 'ವಿಪಿಸಿ' ಎಂದು ನರ್ಸಮ್ಮನವರು ಹೇಳುತ್ತಾರೆ. ಅದನ್ನು ಔಷಧ ಹಾಕಿ ಅಳಿಸಲು ಹೋಗಬಾರದು. ಹಾರ್ಟ್ ಅಟ್ಯಾಕ್ ಆದವರಲ್ಲಿ ಇಂಥ ಬಿಡಿ ಬಡಿತಗಳನ್ನು ಫ್ಲೆಕೈನೈಡ್‌ನಂಥ ಗುಳಿಗೆಯಿಂದ ಅಡಗಿಸಿ ನೋಡಿದ ಕಾಸ್ಟ್ ಎಂಬ ದೊಡ್ಡ ಪ್ರಯೋಗದಲ್ಲಿ ಇಸಿಜಿ ಚಂದವಾಯಿತು, ಸಾವು ಮಾತ್ರ ಹೆಚ್ಚಾಯಿತು. 1989ರಲ್ಲಿ ಆ ಫಲಿತಾಂಶ ಬಂದ ಮೇಲೆ ಜಗತ್ತಿನ ಹೃದಯ ಚಿಕಿತ್ಸೆಯೇ ದಾರಿ ಬದಲಿಸಿತು. ಹಾಗಾಗಿ "ಬಿಡಿ ಬಡಿತ ಇವೆ, ಏನೂ ಕೊಡುತ್ತಿಲ್ಲ" ಎಂದು ಡಾಕ್ಟರು ಹೇಳಿದರೆ ಅದು ಅಲಕ್ಷ್ಯವಲ್ಲ.

ಔಷಧಕ್ಕಿಂತ ಮೊದಲು ಕಾರಣ

ವಿಟಿ ಬಂದಾಗ ಒಳ್ಳೆಯ ಐಸಿಯು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಒಂದು ಕಡೆ ಆ ತಪ್ಪು ಬಡಿತವನ್ನು ಅಡಗಿಸುವ ಔಷಧ, ಇನ್ನೊಂದು ಕಡೆ ಅದು ಎದ್ದದ್ದೇಕೆ ಎಂಬ ಹುಡುಕಾಟ. ಕಾರಣ ಉಳಿದರೆ ಔಷಧ ಸೋಲುತ್ತದೆ.

ಮೊದಲ ಅನುಮಾನ ಪೊಟ್ಯಾಶಿಯಂ ಮೇಲೆ. ಹಾರ್ಟ್-ಲಂಗ್ ಮಶೀನಿನ ಮೇಲಿದ್ದು ಬಂದವರಿಗೆ ಮೂತ್ರ ಬಹಳ ಹೋಗುತ್ತದೆ, ಮೇಲಿಂದ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಬೇರೆ. ಪೊಟ್ಯಾಶಿಯಂ, ಮ್ಯಾಗ್ನೀಶಿಯಂ ಎರಡೂ ಸೋರಿ ಹೋಗುತ್ತವೆ. ವಿಟಿ ಕಂಡವರಲ್ಲಿ ಪೊಟ್ಯಾಶಿಯಂ 4ಕ್ಕಿಂತ ಮೇಲೆ, ಸಾಧ್ಯವಾದರೆ 4.5ರ ಹತ್ತಿರ ಇಡುತ್ತಾರೆ, ಮ್ಯಾಗ್ನೀಶಿಯಂ 2ಕ್ಕಿಂತ ಮೇಲೆ. ಬೈಪಾಸ್ ಆದ ಎಲ್ಲರಿಗೂ 4.5 ಕಾಯಲೇಬೇಕೆಂಬ ಹಳೆಯ ರೂಢಿ ಈಗ ಸಡಿಲವಾಗಿದೆ: 2024ರಲ್ಲಿ ಬ್ರಿಟನ್ ಮತ್ತು ಜರ್ಮನಿಯ ಪ್ರಯೋಗವೊಂದರಲ್ಲಿ, 3.6ಕ್ಕೆ ಇಳಿದ ಮೇಲಷ್ಟೇ ಪೊಟ್ಯಾಶಿಯಂ ಕೊಟ್ಟವರಲ್ಲಿ ಎಎಫ್ ಹೆಚ್ಚಾಗಲಿಲ್ಲ. ಅದು ಎಎಫ್ ಬಗ್ಗೆ ಬಂದ ಉತ್ತರ. ವಿಟಿ ಎದ್ದಿರುವ ರೋಗಿಯಲ್ಲಿ 3.6ಕ್ಕೆ ಕಾಯುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಪೊಟ್ಯಾಶಿಯಂ ಇಂಜೆಕ್ಷನ್ನಿನ 10 ಮಿ.ಲೀ. ಆಂಪ್ಯೂಲಿನಲ್ಲಿ ಸಾಮಾನ್ಯವಾಗಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಅದನ್ನು ಎಂದಿಗೂ ನೇರವಾಗಿ ಸಿರಿಂಜಿನಿಂದ ನರಕ್ಕೆ ದೂಡುವುದಿಲ್ಲ, ದೂಡಿದರೆ ಹೃದಯ ನಿಂತೇಹೋಗುತ್ತದೆ. ಕೈಯ ನರದಲ್ಲಾದರೆ ಗಂಟೆಗೆ 10, ಕುತ್ತಿಗೆಯ ದೊಡ್ಡ ನಳಿಗೆಯಲ್ಲಿ ಮಾನಿಟರ್ ನೋಡುತ್ತ ಗಂಟೆಗೆ 20. "ಒಂದು ಬಾಟಲಿ ಇಷ್ಟು ಹೊತ್ತು ಏಕೆ ನಡೆಯುತ್ತಿದೆ" ಎಂದು ಅವಸರ ಮಾಡಬೇಡಿ.

ಉಳಿದ ಕಾರಣಗಳು: ಆಮ್ಲಜನಕ ಕಡಿಮೆಯಾಗುವುದು, ರಕ್ತದಲ್ಲಿ ಆಮ್ಲ ಹೆಚ್ಚಾಗುವುದು, ಬಿಪಿ ಹಿಡಿದಿಡಲು ಹಾಕಿದ ಅಡ್ರಿನಲಿನ್ ಅಥವಾ ಡೊಬುಟಮಿನ್ನೇ ಹೃದಯವನ್ನು ಕೆರಳಿಸುವುದು, ಒಳಗಿಟ್ಟ ನಳಿಗೆಯ ತುದಿ ಗೋಡೆಗೆ ತಾಗುವುದು. ಎಲ್ಲಕ್ಕಿಂತ ಗಂಭೀರವಾದದ್ದು, ಬೈಪಾಸಿನಲ್ಲಿ ಹೊಸದಾಗಿ ಹೊಲಿದ ರಕ್ತನಾಳ, ಅಂದರೆ ಗ್ರಾಫ್ಟ್, ಮುಚ್ಚಿಹೋಗಿರುವುದು. ಪದೇ ಪದೇ ವಿಟಿ ಬರುತ್ತಿದ್ದರೆ "ಮತ್ತೆ ಆಂಜಿಯೋಗ್ರಾಂ ಮಾಡಬೇಕು" ಎಂದು ಹೇಳುವುದು ಇದೇ ಕಾರಣಕ್ಕೆ.

ಐಸಿಯುದಲ್ಲಿ ನಡೆಯುವ ಔಷಧ

ಬಿಪಿ ಬಿದ್ದು ರೋಗಿ ಮಂಕಾದರೆ ಔಷಧಕ್ಕೆ ಕಾಯುವುದಿಲ್ಲ, ಶಾಕ್ ಕೊಡುತ್ತಾರೆ. ಶಾಕ್ ಎಂದೊಡನೆ ಮನೆಯವರು ಕುಸಿಯುತ್ತಾರೆ. ಆದರೆ ಅಂಥ ಹೊತ್ತಿನಲ್ಲಿ ಶಾಕ್ ಔಷಧಕ್ಕಿಂತ ಬೇಗ ಕೆಲಸ ಮಾಡುತ್ತದೆ, ಬಿಪಿಯನ್ನು ಇನ್ನಷ್ಟು ಇಳಿಸುವುದೂ ಇಲ್ಲ.

ಬಿಪಿ ನಿಂತಿದ್ದರೆ ಮೊದಲ ಆಯ್ಕೆ ಸಾಮಾನ್ಯವಾಗಿ ಅಮಿಯೊಡರೋನ್. ಲೆಕ್ಕ ಹೀಗೆ: 150 ಮಿಲಿಗ್ರಾಂ 10 ನಿಮಿಷದಲ್ಲಿ, ಆಮೇಲೆ ನಿಮಿಷಕ್ಕೆ 1 ಮಿಲಿಗ್ರಾಂನಂತೆ 6 ಗಂಟೆ, ಬಳಿಕ ನಿಮಿಷಕ್ಕೆ ಅರ್ಧ ಮಿಲಿಗ್ರಾಂನಂತೆ 18 ಗಂಟೆ. ಕೂಡಿಸಿದರೆ 150, 360, 540; ದಿನಕ್ಕೆ 1050 ಮಿಲಿಗ್ರಾಂ. ಆಂಪ್ಯೂಲ್ ಒಂದರಲ್ಲಿ 150 ಮಿಲಿಗ್ರಾಂ ಇರುವುದರಿಂದ ಮೊದಲ ದಿನಕ್ಕೆ ಏಳು ಆಂಪ್ಯೂಲ್. ಕೆಳಗಿನ ಔಷಧ ಅಂಗಡಿಯಿಂದ ಏಳು ತರಲು ಚೀಟಿ ಬಂದರೆ ಅದು ಈ ಲೆಕ್ಕ. ಇದನ್ನು 5% ಡೆಕ್ಸ್‌ಟ್ರೋಸಿನಲ್ಲೇ ಬೆರೆಸಬೇಕು, ಸಲೈನಿನಲ್ಲಿ ಅಲ್ಲ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ನೀರು ಏಕೆ ಎಂದು ಕೇಳುವವರಿದ್ದಾರೆ. ಚಿಂತೆ ಬೇಡ, ಏರುವ ಸಕ್ಕರೆಯನ್ನು ಇನ್ಸುಲಿನ್ ನೋಡಿಕೊಳ್ಳುತ್ತದೆ.

ತಪ್ಪುವುದು ಎಲ್ಲಿ? ಬೇಗ ದೂಡಿದರೆ ಬಿಪಿ ಧಡ್ಡನೆ ಇಳಿಯುತ್ತದೆ. ಅದಕ್ಕೆ ಔಷಧದ ಜೊತೆ ಬೆರೆಸಿರುವ ದ್ರಾವಕವೂ ಕಾರಣ. ಕೈಯ ಸಣ್ಣ ನರದಲ್ಲಿ ಗಂಟೆಗಟ್ಟಲೆ ನಡೆಸಿದರೆ ನರ ಉರಿದು, ಕೆಂಪಗಾಗಿ, ಹಗ್ಗದಂತೆ ಗಟ್ಟಿಯಾಗುತ್ತದೆ. ರೋಗಿ "ಕೈ ಉರೀತೈತಿ" ಎಂದರೆ ಆ ಕ್ಷಣವೇ ನರ್ಸ್‌ಗೆ ತಿಳಿಸಿ. ದೀರ್ಘ ಹೊತ್ತಿಗೆ ಕುತ್ತಿಗೆಯ ನಳಿಗೆಯೇ ಸರಿ.

ಅಮಿಯೊಡರೋನ್ ಸಾಲದಿದ್ದರೆ ಲಿಡೊಕೇನ್: ಕಿಲೋ ತೂಕಕ್ಕೆ 1ರಿಂದ 1.5 ಮಿಲಿಗ್ರಾಂ, ನಂತರ ನಿಮಿಷಕ್ಕೆ 1ರಿಂದ 4 ಮಿಲಿಗ್ರಾಂ. ಲಿವರ್ ದುರ್ಬಲವಿರುವವರಲ್ಲಿ, ವಯಸ್ಸಾದವರಲ್ಲಿ ಇದು ಮೈಯಲ್ಲಿ ನಿಂತುಬಿಡುತ್ತದೆ. ಆಗ ತುಟಿ ಜುಮ್ಮೆನ್ನುತ್ತದೆ, ರೋಗಿ ಅಸಂಬದ್ಧ ಮಾತಾಡುತ್ತಾರೆ, ಕೊನೆಗೆ ಫಿಟ್ಸ್ ಬರುತ್ತದೆ. ಭೇಟಿಯ ಹೊತ್ತಿನಲ್ಲಿ ನಿಮ್ಮವರ ಮಾತು ಎಂದಿನಂತಿಲ್ಲ ಅನ್ನಿಸಿದರೆ ಹೇಳಿ. ಹೊಸಬರಿಗಿಂತ ಮನೆಯವರಿಗೆ ಅದು ಬೇಗ ಗೊತ್ತಾಗುತ್ತದೆ.

24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ವಿಟಿ, ವಿಎಫ್ ಬಂದರೆ ಅದಕ್ಕೆ 'ಎಲೆಕ್ಟ್ರಿಕಲ್ ಸ್ಟಾರ್ಮ್' ಎನ್ನುತ್ತಾರೆ. ಇಲ್ಲಿ ದೇಹದ್ದೇ ಅಡ್ರಿನಲಿನ್ ಶತ್ರು. ನೋವು, ಭಯ, ಪ್ರತಿ ಶಾಕ್ ಕೂಡ ಅದನ್ನು ಏರಿಸುತ್ತವೆ. ಆದ್ದರಿಂದ ಬೀಟಾ ಬ್ಲಾಕರ್ ಗುಂಪಿನ ಔಷಧವೂ ಮಂಪರಿನ ಔಷಧವೂ ಚಿಕಿತ್ಸೆಯ ಮುಖ್ಯ ಭಾಗ. ಹೊಸದಾಗಿ ಹೊಲಿದ ಹೃದಯಕ್ಕೆ ಬೀಟಾ ಬ್ಲಾಕರ್‌ಗಳಲ್ಲಿ ಎಸ್ಮೊಲಾಲ್ ಒಗ್ಗುತ್ತದೆ, ಏಕೆಂದರೆ ನಿಲ್ಲಿಸಿದ 9 ನಿಮಿಷದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಬಿಪಿ ಬಿದ್ದರೆ ಹಿಂದಕ್ಕೆ ಬರಲು ದಾರಿ ಇರುತ್ತದೆ. ರೋಗಿಯನ್ನು ಮತ್ತೆ ನಿದ್ದೆಗೆ ಹಾಕಿ ವೆಂಟಿಲೇಟರಿಗೆ ಜೋಡಿಸಿದರೆ "ಕೈ ಮೀರಿತು" ಎಂದು ತಿಳಿಯಬೇಡಿ.

ಟೊರ್ಸಾಡ್ ಎಂಬ ತಿರುಚಿದ ಆಕಾರದ ವಿಟಿಗೆ ನಿಯಮವೇ ಬೇರೆ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಳತೆ ಉದ್ದವಾದಾಗ, ಅದರಲ್ಲೂ 500 ಮಿಲಿಸೆಕೆಂಡ್ ದಾಟಿದಾಗ ಇದರ ಭಯ. ಇದಕ್ಕೆ 2 ಗ್ರಾಂ ಮ್ಯಾಗ್ನೀಶಿಯಂ ಸಲ್ಫೇಟ್ ಕೊಡುತ್ತಾರೆ, ಅಮಿಯೊಡರೋನ್ ಕೊಡುವುದಿಲ್ಲ. ಅಮಿಯೊಡರೋನ್ ತಾನೇ ಕ್ಯೂಟಿ ಉದ್ದ ಮಾಡುತ್ತದೆ.

ಐಸಿಯುದಲ್ಲೇ ಹೃದಯ ನಿಂತರೆ, ಆಪರೇಶನ್ ಆದವರಿಗೆ ಕ್ರಮ ಸ್ವಲ್ಪ ಬೇರೆ. ವಿಎಫ್ ಆದರೆ ಎದೆ ಒತ್ತುವ ಮೊದಲೇ ಒಂದರ ಹಿಂದೊಂದು ಮೂರು ಶಾಕ್, ಫಲಿಸದಿದ್ದರೆ 300 ಮಿಲಿಗ್ರಾಂ ಅಮಿಯೊಡರೋನ್, 5 ನಿಮಿಷದೊಳಗೆ ಎದೆಯ ಹೊಲಿಗೆ ಬಿಚ್ಚಿ ಒಳಗೆ ನೋಡುವುದು. ಎಲ್ಲೆಡೆ ಮೊದಲು ಕೊಡುವ 1 ಮಿಲಿಗ್ರಾಂ ಅಡ್ರಿನಲಿನ್ ಇಲ್ಲಿ ರೂಢಿಯಾಗಿ ಕೊಡುವುದಿಲ್ಲ. ಹೃದಯ ಮರಳಿ ಬಡಿದಾಗ ಬಿಪಿ ವಿಪರೀತ ಏರಿ ಹೊಸ ಹೊಲಿಗೆ ಹರಿಯಬಹುದು. 2017ರ ಅಮೆರಿಕದ ಹೃದಯ ಶಸ್ತ್ರಚಿಕಿತ್ಸಕರ ಸೂಚಿ ಹೇಳುವ ಕ್ರಮ ಇದು.

ಬಿಡುಗಡೆಯ ದಿನ ಕೇಳಿಯೇ ಹೊರಡಬೇಕಾದದ್ದು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ: "ಡಾಕ್ಟ್ರೇ, ಈ ಗುಳಿಗಿ ಯಾವ ತಾರೀಖಿನ ಮಟ ತಗೋಬೇಕ್ರಿ?" ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಎಎಫ್‌ಗೆ ಶುರುವಾದ ಅಮಿಯೊಡರೋನ್ ಬಹಳ ಜನರಲ್ಲಿ 6ರಿಂದ 12 ವಾರದಲ್ಲಿ ನಿಲ್ಲಬೇಕಾದದ್ದು. ಮೊದಲ ವಾರ ದಿನಕ್ಕೆ ಮೂರು 200ರ ಗುಳಿಗೆ, ಎರಡನೆಯ ವಾರ ಎರಡು, ಆಮೇಲೆ ಒಂದು ಎಂಬುದು ಸಾಮಾನ್ಯ ಇಳಿಕೆ. ವಿಟಿ ಬಂದು ಪಂಪಿಂಗ್ ಕಡಿಮೆ ಇದ್ದವರಿಗೆ ಇದು ದೀರ್ಘಕಾಲ ನಡೆಯಬಹುದು, ಐಸಿಡಿ ಎಂಬ ಒಳಗಿಡುವ ಶಾಕ್ ಯಂತ್ರದ ಮಾತೂ ಬರಬಹುದು. ಚೀಟಿಯಲ್ಲಿ ಕೊನೆಯ ತಾರೀಖು ಇಲ್ಲದಿದ್ದರೆ ಊರಿನ ಅಂಗಡಿಯವರು ತಿಂಗಳು ತಿಂಗಳು ಅದನ್ನೇ ಕೊಡುತ್ತ ಹೋಗುತ್ತಾರೆ. ವರ್ಷದ ಮೇಲೆ ಥೈರಾಯಿಡ್ ಕೆಟ್ಟು ಬರುವವರಲ್ಲಿ ಇಂಥವರೂ ಇರುತ್ತಾರೆ.

ಥೈರಾಯಿಡ್ ನೋಡುವ ಟಿಎಸ್‌ಎಚ್, ಲಿವರ್ ಪರೀಕ್ಷೆ, ಎದೆಯ ಎಕ್ಸ್-ರೇ, ಇಸಿಜಿ ಇವುಗಳ ಈಗಿನ ಪ್ರತಿಗಳನ್ನು ಪಡೆದುಕೊಳ್ಳಿ. ಮುಂದೆ ಏನಾದರೂ ಬದಲಾದರೆ ಹೋಲಿಸಿ ನೋಡಲು ಇವೇ ಆಧಾರ. ರಕ್ತ ತೆಳುಮಾಡುವ ಗುಳಿಗೆ ಇದ್ದರೆ, ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಗದಗಿನಲ್ಲೋ ಹಾವೇರಿಯಲ್ಲೋ ಎಲ್ಲಿ ಮಾಡಿಸಬಹುದು, ಫಲಿತಾಂಶವನ್ನು ಯಾರಿಗೆ ತಿಳಿಸಬೇಕು ಎಂಬುದನ್ನೂ ಕೇಳಿ. ಪ್ರತಿ ಪರೀಕ್ಷೆಗೂ ಹುಬ್ಬಳ್ಳಿಗೆ ಬರಬೇಕೆಂದರೆ ಎರಡನೆಯ ತಿಂಗಳಿಗೆ ಪರೀಕ್ಷೆಯೇ ನಿಂತುಹೋಗುತ್ತದೆ.

ಒಂದು ತಪ್ಪು ಪದೇ ಪದೇ ಆಗುತ್ತದೆ. ದವಾಖಾನೆಯಿಂದ ತಂದ ಕಾರ್ಡರೋನ್ ಸ್ಟ್ರಿಪ್ ಇರುತ್ತದೆ, ಜನೌಷಧಿ ಕೇಂದ್ರದಿಂದ ತಂದ ಅಮಿಯೊಡರೋನ್ ಸ್ಟ್ರಿಪ್ಪೂ ಇರುತ್ತದೆ. ಹೆಸರು ಬೇರೆ, ಬಣ್ಣ ಬೇರೆ. ಮನೆಯವರು ಎರಡನ್ನೂ ಕೊಡುತ್ತಾರೆ. ಜನೌಷಧಿಯ ಗುಳಿಗೆ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಓದಿ, ಒಂದೇ ಹೆಸರಿನವನ್ನು ಒಂದೇ ಡಬ್ಬಿಯಲ್ಲಿ ಹಾಕಿ.

ಮನೆಯಲ್ಲಿ ದಿನದ ಕೆಲಸ

ಬೆಳಿಗ್ಗೆ ಗುಳಿಗೆಗೆ ಮೊದಲು ನಾಡಿ ಎಣಿಸಿ. ಐದು ನಿಮಿಷ ಕೂಡಿಸಿ, ಅಂಗೈ ಮೇಲೆ ಮಾಡಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಅಂಚಿನಲ್ಲಿ ನಿಮ್ಮ ತೋರುಬೆರಳು, ನಡುಬೆರಳು ಇಡಿ. ನಿಮ್ಮ ಹೆಬ್ಬೆರಳು ಇಡಬೇಡಿ, ಅದರದೇ ನಾಡಿ ತಿಳಿಯುತ್ತದೆ. ಗಡಿಯಾರ ನೋಡಿ ಪೂರ್ತಿ 60 ಸೆಕೆಂಡ್ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಏರುಪೇರಿನ ಬಡಿತದಲ್ಲಿ ತಪ್ಪು ಲೆಕ್ಕ ಕೊಡುತ್ತದೆ. ಎಲೆಕ್ಟ್ರಾನಿಕ್ ಬಿಪಿ ಮಶೀನೂ ಅಷ್ಟೇ. ನೋಟಬುಕ್ಕಿನಲ್ಲಿ ತಾರೀಖು, ಎಣಿಕೆ, ಸಮವೋ ಏರುಪೇರೋ, ಬಿಪಿ, ತೂಕ ಬರೆಯಿರಿ. ನಾಡಿ 50ಕ್ಕಿಂತ ಕೆಳಗೆ ಅಥವಾ ಕೂತಾಗಲೂ 120ಕ್ಕಿಂತ ಮೇಲಿದ್ದರೆ ಗುಳಿಗೆ ಕೊಡುವ ಮೊದಲು ಫೋನ್ ಮಾಡಿ. ಅಮಿಯೊಡರೋನ್, ಬೀಟಾ ಬ್ಲಾಕರ್ ಗುಂಪಿನ ಮೆಟೊಪ್ರೊಲಾಲ್ ಎರಡೂ ನಾಡಿ ಇಳಿಸುವವು, ಕೂಡಿದಾಗ ಅತಿಯಾಗಬಹುದು.

ಒಂದು ಹೊತ್ತಿನ ಅಮಿಯೊಡರೋನ್ ತಪ್ಪಿದರೆ ಗಾಬರಿಯಾಗಬೇಡಿ, ಮರುದಿನ ಎರಡು ಕೊಡಲೂಬೇಡಿ. ಅದು ಮೈಯ ಕೊಬ್ಬಿನಲ್ಲಿ ಸೇರಿ ವಾರಗಟ್ಟಲೆ ಉಳಿಯುತ್ತದೆ. ಮೆಟೊಪ್ರೊಲಾಲ್ ಹಾಗಲ್ಲ. ಸ್ಟ್ರಿಪ್ ಮುಗಿಯಿತೆಂದು ಎರಡು-ಮೂರು ದಿನ ಬಿಟ್ಟರೆ ಬಡಿತ ಹಾರಿ ಏಳುತ್ತದೆ. ಕೊನೆಯ ಐದು ಗುಳಿಗೆ ಉಳಿದಾಗಲೇ ಹೊಸದು ತನ್ನಿ.

ಅಮಿಯೊಡರೋನನ್ನು ಊಟದ ಜೊತೆ ಕೊಟ್ಟರೆ ಹೆಚ್ಚು ಹೀರಿಕೊಳ್ಳುತ್ತದೆ. ರೊಟ್ಟಿ ಊಟದ ಜೊತೆ ಶುರು ಮಾಡಿದರೆ ದಿನಾ ಹಾಗೆಯೇ ನಡೆಸಿ. ಗ್ರೇಪ್‌ಫ್ರೂಟ್, ಅದರ ಜಾತಿಯ ಚಕ್ಕೋತ ಬೇಡ. ನಮ್ಮ ಸಾಮಾನ್ಯ ದ್ರಾಕ್ಷಿಗೆ ಅಡ್ಡಿಯಿಲ್ಲ.

ರಕ್ತ ತೆಳುಮಾಡುವ ಅಸಿಟ್ರೋಮ್ ಅಥವಾ ವಾರ್ಫರಿನ್ ಜೊತೆಗಿದ್ದರೆ ಹೆಚ್ಚಿನ ಎಚ್ಚರ ಬೇಕು. ಅಮಿಯೊಡರೋನ್ ಅವುಗಳ ಬಲವನ್ನು ಏರಿಸುತ್ತದೆ. ವಾರ್ಫರಿನ್ ಪ್ರಮಾಣವನ್ನು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಇಳಿಸಬೇಕಾಗುತ್ತದೆ. ಈ ಪರಿಣಾಮ ಒಂದೇ ದಿನಕ್ಕೆ ಬರುವುದಿಲ್ಲ, ಆರೇಳು ವಾರ ಏರುತ್ತಲೇ ಹೋಗುತ್ತದೆ. ಮೊದಲ ವಾರದ ಐಎನ್‌ಆರ್ ಸರಿ ಬಂತೆಂದು ಬಿಟ್ಟರೆ ಐದನೆಯ ವಾರ ಒಸಡಿನಲ್ಲಿ ರಕ್ತ. ಆ ಏಳು ವಾರ ವಾರಕ್ಕೊಂದು ಪರೀಕ್ಷೆ ಬೇಕು. ಎಎಫ್‌ಗೆ ಗುರಿ 2ರಿಂದ 3, ಲೋಹದ ಮೈಟ್ರಲ್ ವಾಲ್ವಿಗೆ 2.5ರಿಂದ 3.5. ಲೋಹದ ವಾಲ್ವ್ ಇದ್ದವರು "ಪರೀಕ್ಷೆ ಬೇಡದ ಹೊಸ ಗುಳಿಗೆ"ಗೆ ಬದಲಾಗಬಾರದು. ತಪ್ಪಲ ಪಲ್ಯ, ರೊಟ್ಟಿ ಜೊತೆಗಿನ ಹಸಿ ಮೆಂತೆ, ಹತ್ತರಕಿ ಬಿಡಬೇಕಿಲ್ಲ. ಒಂದು ವಾರ ಹಿಡಿ ತುಂಬ, ಮರುವಾರ ಸೊನ್ನೆ ಎಂದು ಮಾಡಬಾರದು ಅಷ್ಟೇ.

ಊರ ದವಾಖಾನೆಯ ಔಷಧಗಳಲ್ಲಿ ನೋಡಿಕೊಳ್ಳಬೇಕಾದವು ಹಲವಿವೆ. ಜ್ವರ-ಕೆಮ್ಮಿಗೆ ಅಜಿಥ್ರೊಮೈಸಿನ್, ಭೇದಿಗೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಒಫ್ಲಾಕ್ಸಾಸಿನ್, ಹುಳುಕಡ್ಡಿಗೆ ಫ್ಲುಕೊನಜೋಲ್, ವಾಂತಿಗೆ ಒಂಡಾನ್ಸೆಟ್ರಾನ್, ಗ್ಯಾಸಿಗೆಂದು ಕೊಡುವ ಡೊಂಪೆರಿಡೋನ್ ಬೆರೆತ ಗುಳಿಗೆ: ಇವು ಅಮಿಯೊಡರೋನ್ ಜೊತೆ ಸೇರಿ ಕ್ಯೂಟಿ ಉದ್ದ ಮಾಡಬಲ್ಲವು. ದಮ್ಮಿಗೆ ಹಾಕುವ ಡೆರಿಫಿಲಿನ್ ಇಂಜೆಕ್ಷನ್ ಬಡಿತವನ್ನು ನೇರವಾಗಿ ಕೆರಳಿಸುತ್ತದೆ. ಮೈಕೈ ನೋವಿಗೆ ಡೈಕ್ಲೊಫೆನಾಕ್ ರಕ್ತಸ್ರಾವ ತರುತ್ತದೆ. ಒಳಗೆ ಹೋದೊಡನೆ ಹೇಳುವ ಮಾತು ಹೀಗಿರಲಿ: "ಹಾರ್ಟ್ ಆಪರೇಶನ್ ಆಗೇತ್ರಿ, ಅಮಿಯೊಡರೋನ್ ನಡದೈತ್ರಿ, ಚೀಟಿ ನೋಡ್ರಿ." ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಬೇಸಿಗೆಯ ವಾಂತಿ-ಭೇದಿಯನ್ನು ಹಗುರವಾಗಿ ಕಾಣಬೇಡಿ. ಮೂತ್ರದ ಗುಳಿಗೆ ನಡೆಯುತ್ತಿರುವಾಗ ಎರಡು ದಿನ ಭೇದಿಯಾದರೆ ಪೊಟ್ಯಾಶಿಯಂ ಪಾತಾಳಕ್ಕೆ ಇಳಿಯುತ್ತದೆ, ನಿಂತ ವಿಟಿ ಮತ್ತೆ ಏಳುತ್ತದೆ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ತದ್ವಿರುದ್ಧವೂ ಉಂಟು: ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು, ಕಿಡ್ನಿ ದುರ್ಬಲವಿದ್ದವರು ದಿನಾ ಎಳನೀರು ಕುಡಿದರೆ, ಕಡಿಮೆ ಸೋಡಿಯಂ ಉಪ್ಪು ಬಳಸಿದರೆ ಪೊಟ್ಯಾಶಿಯಂ ಅತಿಯಾಗುತ್ತದೆ.

ಅಮಿಯೊಡರೋನ್ ನಡೆಯುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಹೊಲಕ್ಕೆ, ಮೆಣಸಿನಕಾಯಿ ಕಣಕ್ಕೆ ಹೋಗುವುದಾದರೆ ತುಂಬು ತೋಳಿನ ಅಂಗಿ, ತಲೆಗೆ ರುಮಾಲು ಅಥವಾ ಸೆರಗು ಇರಲಿ. 200 ಮಿಲಿಗ್ರಾಂ ಗುಳಿಗೆಯೊಂದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುವುದರಿಂದ ಥೈರಾಯಿಡ್ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ದೀರ್ಘಕಾಲ ನಡೆದರೆ ಆರು ತಿಂಗಳಿಗೊಮ್ಮೆ ಟಿಎಸ್‌ಎಚ್, ಲಿವರ್ ಪರೀಕ್ಷೆ, ವರ್ಷಕ್ಕೊಮ್ಮೆ ಎಕ್ಸ್-ರೇ. ವಾರಗಟ್ಟಲೆ ಬಿಡದ ಒಣ ಕೆಮ್ಮು, ನಡೆದರೆ ಏದುಸಿರು ಇದ್ದರೆ ಸಿರಪ್ ಕುಡಿಸುತ್ತ ಕೂಡಬೇಡಿ. ಶ್ವಾಸಕೋಶಕ್ಕೆ ಔಷಧ ತಾಗಿದೆಯೇ ಎಂದು ನೋಡಿಸಬೇಕು.

ತುರ್ತು ಬಂದರೆ

ಎದೆ ಡಬಡಬ ಹೊಡೆದುಕೊಳ್ಳುತ್ತಿದ್ದು ರೋಗಿ ಎಚ್ಚರವಾಗಿದ್ದರೆ, ಹತ್ತಿರದ ಯಾವ ದವಾಖಾನೆಯಲ್ಲಾದರೂ ಆ ಬಡಿತ ನಡೆಯುವಾಗಲೇ ಇಸಿಜಿ ತೆಗೆಸಿ, ಕಾಗದದ ಫೋಟೋ ಹೊಡೆದಿಟ್ಟುಕೊಳ್ಳಿ. ಬಡಿತ ತಾನಾಗಿ ಸರಿಹೋದ ಮೇಲೆ ಹುಬ್ಬಳ್ಳಿಗೆ ಬಂದರೆ ತಜ್ಞರ ಕೈಗೆ ಸಿಗುವುದು ಬರೀ ಮಾತು. ಆ ಒಂದು ಕಾಗದ ಇಡೀ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಇಸಿಜಿ ಕಾಗದದ ಗೆರೆ ತಿಂಗಳುಗಳಲ್ಲಿ ಮಾಸುತ್ತದೆ, ಅದಕ್ಕೇ ಫೋಟೋ.

ಕಣ್ಣಿಗೆ ಕತ್ತಲೆ ಬಂದು ಬಿದ್ದರೆ, ಎದೆನೋವು, ಬೆವರು, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಕರೆಮಾಡಿ. ಆಪರೇಶನ್ ಮಾಡಿದ ದವಾಖಾನೆಗೇ ಹೋಗಬೇಕೆಂದು ಒಂದು ಗಂಟೆಯ ದಾರಿ ಹಿಡಿಯಬೇಡಿ. ಶಾಕ್ ಮಶೀನ್ ಇರುವ ಹತ್ತಿರದ ದವಾಖಾನೆ ಮೊದಲು. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5-6 ಸೆಂ.ಮೀ. ಆಳಕ್ಕೆ ಒತ್ತಿ. ಎದೆಯ ಮೂಳೆಗೆ ಹಾಕಿದ ತಂತಿ ಬಿಚ್ಚೀತೆಂದು ಕೈ ಹಿಂದೆಗೆಯಬೇಡಿ. ತಂತಿಯನ್ನು ಮತ್ತೆ ಹಾಕಬಹುದು.

ನಿಲ್ಲಿಸುವಾಗ

ಚೀಟಿಯಲ್ಲಿ ಬರೆಸಿದ ತಾರೀಖು ಹತ್ತಿರ ಬಂದಾಗ ಹೋಗಿ ಇಸಿಜಿ ತೋರಿಸಿ, ನೋಟಬುಕ್ ತೋರಿಸಿ, ನಿಲ್ಲಿಸಬಹುದೇ ಎಂದು ಕೇಳಿ. ನಿಲ್ಲಿಸಿದ ಮೇಲೂ ಅಮಿಯೊಡರೋನ್ ಮೈಯಿಂದ ನಿಧಾನವಾಗಿ ಇಳಿಯುತ್ತದೆ. ಅರ್ಧ ಇಳಿಯಲು ಸರಾಸರಿ 58 ದಿನ ಬೇಕು, ಕೆಲವರಲ್ಲಿ ಇನ್ನೂ ಬಹಳ. ಆ ತಿಂಗಳುಗಳಲ್ಲಿ ವಾರ್ಫರಿನ್ ಅಥವಾ ಅಸಿಟ್ರೋಮ್ ಬಲ ಮೆಲ್ಲಗೆ ಕುಂದುತ್ತ ಹೋಗಿ ಐಎನ್‌ಆರ್ ಕೆಳಗಿಳಿಯುತ್ತದೆ. ಪ್ರಮಾಣವನ್ನು ಹಂತಹಂತವಾಗಿ ಮೇಲಕ್ಕೆ ತರಬೇಕಾಗುತ್ತದೆ, ಲೋಹದ ವಾಲ್ವಿನವರಿಗಂತೂ ಇದು ತಪ್ಪಬಾರದು. ಮೇಲೆ ಹೇಳಿದ ಔಷಧಗಳ ಎಚ್ಚರಿಕೆಯೂ ಅಲ್ಲಿಯ ತನಕ ಹಾಗೆಯೇ ಇರಲಿ. ನಿಲ್ಲಿಸಿದ ಹಲವು ತಿಂಗಳ ಮೇಲೂ ಥೈರಾಯಿಡ್ ತೊಂದರೆ ಕಾಣಿಸಿಕೊಳ್ಳುವುದುಂಟು. ಕೈ ನಡುಕ, ತೂಕ ಇಳಿಕೆ, ಮತ್ತೆ ಏರುಪೇರಿನ ನಾಡಿ ಕಂಡರೆ ಟಿಎಸ್‌ಎಚ್ ಮಾಡಿಸಿ, ಹಿಂದೆ ಅಮಿಯೊಡರೋನ್ ನಡೆದಿತ್ತೆಂದು ಡಾಕ್ಟರಿಗೆ ಹೇಳಿ.